ಬಿಟ್ಟ ಮೇಲೆ ಬಾ

ಚಾದರ ಮಡಚಲು ಇಬ್ಬರು ಬೇಕು. ಒಬ್ಬಳೇ ಮಡಚುತ್ತೇನೆ ಎನ್ನುವವಳು ಒಮ್ಮೆ ನಮ್ಮ ಲಾಂಡ್ರಿಗೆ ಬರಲಿ, ಆಸ್ಪತ್ರೆಗಳಿಂದ ಬಂದು ಬೀಳುವ ರಾಶಿ ತೋರಿಸುತ್ತೇನೆ, ಆಮೇಲೆ ಮಾತಾಡಲಿ. ಬಿಸಿ ರೋಲರಿನಿಂದ ಹೊರಬಂದ ಚಾದರದ ಒಂದು ತುದಿ ನನ್ನ ಕೈಗೆ, ಇನ್ನೊಂದು ಆಮೆಯ ಕೈಗೆ. ಎಳೆದು, ಒದರಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ವರ್ಷಗಟ್ಟಲೆ ಹೀಗೆ ಎಳೆದಾಡಿದ ಮೇಲೆ, ಅವಳ ಮೈ ಹೇಗಿದೆ ಎಂದು ನಾನು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಬಟ್ಟೆಯೇ ಹೇಳುತ್ತಿತ್ತು.

ಆಮೆ ಎಂಬುದು ನಾವಿಟ್ಟ ಹೆಸರು. ಮಾತ್ರೆಯ ದೆಸೆಯಿಂದ ಅವಳದು ಎಲ್ಲ ನಿಧಾನ. ಕರೆದರೆ ಅವಳು ತಿರುಗುವಷ್ಟರಲ್ಲಿ ಯಾಕೆ ಕರೆದೆವೆಂಬುದೇ ನಮಗೆ ಮರೆತುಹೋಗುತ್ತಿತ್ತು. ಎಲ್ಲರೂ ಗೊಳ್ಳೆಂದು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು, ನಾವು ನಕ್ಕು ಮುಗಿಸಿದ ಮೇಲೆ.

ಹೆರಿಗೆಯಾದ ಮೇಲೆ ಅವಳ ಮನಸ್ಸು ಕದಡಿಹೋಗಿತ್ತು. ಕೂಸು ಅತ್ತರೂ ಏಳದೆ ಗೋಡೆ ನೋಡುತ್ತ ಕೂತಿರುತ್ತಿದ್ದಳಂತೆ. ಗಂಡನೆಂಬ ಮಹಾರಾಯ ಹೇಳದೆ ಕೇಳದೆ ಕಂಬಿ ಕಿತ್ತ. ಆಗ ಅವಳಕ್ಕ ಬಂದು, ಇವಳನ್ನು ಡಾಕ್ಟರಿಗೆ ತೋರಿಸಿ, ಕೂಸನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು. ಒಳ್ಳೆಯದೇ ಮಾಡಿದಳು, ಇಲ್ಲವೆನ್ನುವುದಿಲ್ಲ. ಮಾತ್ರೆಯೂ ಒಳ್ಳೆಯದೇ ಮಾಡಿತು, ಇವಳ ಜೀವ ಉಳಿಸಿತು. ಆದರೆ ಅಕ್ಕನಿಗೆ ಮಕ್ಕಳಿರಲಿಲ್ಲ. ಎತ್ತಿಕೊಂಡ ಕೂಸನ್ನು ಕೆಳಗಿಳಿಸಲು ಅವಳಿಗೆ ಮನಸ್ಸೇ ಬರಲಿಲ್ಲ.

ಚೇತರಿಸಿಕೊಂಡು ಕೆಲಸಕ್ಕೆ ಸೇರಿದ ಮೇಲೆ ಇವಳು ಮಗಳನ್ನು ಕೇಳಿದಳು. ಅಕ್ಕ, "ಮಾತ್ರೆ ತಿನ್ನೋಳ ಹತ್ರ ಮಗು ಹೇಗೆ ಬಿಡ್ಲಿ? ಬಿಟ್ಟ ಮೇಲೆ ಬಾ. ಅವತ್ತೇ ಕರ್ಕೊಂಡು ಹೋಗು" ಅಂದಳು.

ಹುಚ್ಚು ಮುಂಡೇದು ಅದನ್ನೇ ನಂಬಿತು. ಡಾಕ್ಟರನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಮಾರನೇ ದಿನದಿಂದಲೇ ಮಾತ್ರೆ ಬಂದ್. ಎರಡು ದಿನದಲ್ಲಿ ಚಾದರದ ಅವಳ ತುದಿ ಗಡಗಡ ನಡುಗತೊಡಗಿತು. ತಲೆಯೊಳಗೆ ಕರೆಂಟು ಹೊಡೆದ ಹಾಗಾಗುತ್ತದೆ, ನಿದ್ದೆಯಿಲ್ಲ, ವಾಂತಿ ಎಂದಳು. "ಡಾಕ್ಟರ ಹತ್ರ ನಡಿಯೇ ಮೊದ್ಲು" ಎಂದು ಬೈದೆ. ಭಾನುವಾರ ಆದಮೇಲೆ ಎಂದಳು. ಆ ಭಾನುವಾರ ಅಕ್ಕನ ಮನೆಯ ಹೊಸ್ತಿಲಲ್ಲಿ, ಮಗಳ ಕಣ್ಣೆದುರೇ, ವಾಂತಿ ಮಾಡಿಕೊಂಡು ದೊಪ್ಪೆಂದು ಬಿದ್ದಳು. ಬಿದ್ದಲ್ಲೇ ಜೋರಾಗಿ ಅತ್ತಳು. ಆ ಪುಟ್ಟ ಮಗು ಹೆದರಿ ಮಂಚದ ಕೆಳಗೆ ಸೇರಿಕೊಂಡಿತು.

ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಯಿತೆಂದು ಅಕ್ಕ ಅಂದಿನಿಂದ ಆ ಮನೆಯಲ್ಲಿ ಒಂದು ಕಾನೂನು ತಂದಳು. ಅಮ್ಮ ಬಂದರೆ ಮಗು ಮೊದಲು, "ಮಾತ್ರೆ ತಗೊಂಡ್ಯಾ?" ಎಂದು ಕೇಳಬೇಕು. ಹೂಂ ಎಂದರೆ ಮಾತ್ರ ಹತ್ತಿರ ಹೋಗಬೇಕು. ಐದು ವರ್ಷದ ಮಗುವಿಗೆ ಇಂಥದ್ದನ್ನು ಕಲಿಸಿದ ನಾಲಿಗೆಗೆ ಏನೆನ್ನಬೇಕೋ ಕಾಣೆ.

ಈ ಸಲ ನಾನೇ ಜೊತೆಗೆ ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದೆ. ಅವರು ಬೈಯಲಿಲ್ಲ.

"ಒಂದೇ ಸಲಕ್ಕೆ ಬಿಟ್ರೆ ಮೈ ಒಪ್ಪಲ್ಲಮ್ಮ. ಅದಕ್ಕೆ ಅಭ್ಯಾಸ ಆಗಿರುತ್ತೆ. ಸ್ವಲ್ಪ ಸ್ವಲ್ಪ ಇಳಿಸೋಣ, ಇಳಿಸಿ ಕಾಯೋಣ. ತೀರಾ ಕಷ್ಟ ಆದ್ರೆ ಒಂದು ಮೆಟ್ಟಿಲು ವಾಪಸ್ ಹೋಗೋಣ. ಅದೇನು ಸೋಲಲ್ಲ. ಆದ್ರೆ ನನ್ನ ಕೇಳದೆ ಒಂದು ಚೂರೂ ಕಮ್ಮಿ ಮಾಡಬಾರದು, ಆಯ್ತಾ?"

ಹಾಗೆಯೇ ಆಯಿತು. ಪ್ರತಿ ಸಲ ಇಳಿಸಿದಾಗ ಚಾದರ ಸ್ವಲ್ಪ ನಡುಗುವುದು, ಕೆಲವು ವಾರ ಕಳೆದು ಸರಿಹೋಗುವುದು. ನಡುವೆ ಒಮ್ಮೆ ನಿದ್ದೆ ಪೂರ್ತಿ ಕೆಟ್ಟು ಹಿಂದಿನ ಅಳತೆಗೇ ಮರಳಬೇಕಾಯಿತು. ಅವತ್ತು ಚಾದರದ ರಾಶಿಯಲ್ಲಿ ಮುಖ ಹುದುಗಿಸಿ ಅತ್ತಳು. "ಡಾಕ್ಟರಮ್ಮ ಏನಂದ್ರು, ನೆನಪಿದೆ ತಾನೇ? ಏಳು, ರೋಲರ್ ಕಾಯ್ತಿದೆ" ಎಂದು ಗದರಿದೆ. ಮೂಗು ಒರೆಸಿಕೊಂಡು ಎದ್ದಳು. ಭಾನುವಾರಗಳಂದು ಮಗಳು ಕೇಳುತ್ತಿದ್ದಳು, ಇವಳು "ತಗೊಂಡೆ" ಎನ್ನುತ್ತಿದ್ದಳು. ಆಗ ಅದು ನಿಜವೇ ಆಗಿತ್ತು.

ಹೀಗೆ ಒಂದೂವರೆ ವರ್ಷ. ಒಂದು ದಿನ ನಾನು ಎಂದಿನಂತೆ ಚಾದರ ಎಳೆದರೆ ಆ ಕಡೆಯಿಂದ ಅವಳೂ ಎಳೆದಳು ನೋಡಿ, ನಾನೇ ಮುಗ್ಗರಿಸಿದೆ! "ಏನೇ ಆಮೆ, ಬೀಳಿಸ್ತೀಯಾ ನನ್ನ?" ಎಂದೆ. ಈ ಸಲ ಎಲ್ಲರಿಗಿಂತ ಮೊದಲು ನಕ್ಕವಳು ಅವಳು. ಮಾತ್ರೆ ಪೂರ್ತಿ ನಿಲ್ಲಿಸಿದ ಮೇಲೂ ಡಾಕ್ಟರಮ್ಮ ಕೆಲವು ತಿಂಗಳು ಕಾದು ನೋಡಿದರು. ಮಗಳಿಗೆ ಸುಳ್ಳು ಹೇಳಬಾರದೆಂದು ಇವಳು ಅಲ್ಲಿಯವರೆಗೆ ಅಕ್ಕನ ಮನೆಗೇ ಹೋಗಲಿಲ್ಲ. ಕೊನೆಗೆ, "ಚೆನ್ನಾಗಿದ್ದೀಯಮ್ಮ. ಮಗಳನ್ನ ಕರ್ಕೊಂಡು ಬಾ" ಎಂದರು. ಇವಳು ತನ್ನ ಬಾಡಿಗೆ ಕೋಣೆಯಲ್ಲಿ ಕಿಟಕಿ ಪಕ್ಕ ಪುಟ್ಟ ಮಂಚ ಹಾಕಿಸಿ, ಆಸ್ಪತ್ರೆಯವರೂ ನಾಚಬೇಕು, ಹಾಗೆ ಒಂದು ಸುಕ್ಕಿಲ್ಲದಂತೆ ಚಾದರ ಹಾಸಿದಳು.

ಆ ಭಾನುವಾರ ನಾನೂ ಜೊತೆಗೆ ಹೋದೆ. ಅಕ್ಕ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ವಿಷಯ ಎತ್ತುತ್ತಲೇ ಅವಳ ಮುಖ ಬಿಗಿಯಿತು.

"ಮಾತ್ರೆ ತಿನ್ನೋವಾಗ್ಲಾದ್ರೂ ಮೆತ್ತಗಿದ್ದೆ. ಈಗ ಅದೂ ಇಲ್ಲ. ಯಾವ ಧೈರ್ಯದ ಮೇಲೆ ಮಗು ಕೊಡ್ಲಿ?"

"ಬಿಟ್ಟ ಮೇಲೆ ಬಾ ಅಂದೋಳು ನೀನೇ ಅಲ್ವೇನಕ್ಕ?" ಇವಳ ಧ್ವನಿ ಏರಿತು.

ಅಕ್ಕನ ಗಂಡ ಪೇಪರಿನಿಂದ ತಲೆ ಎತ್ತಿದ. "ನೋಡಿದ್ರಾ, ಕೂಗಾಟ ಶುರುವಾಯ್ತು. ಹಳೇ ಕಾಯಿಲೆ ಎಲ್ಲಿಗೆ ಹೋಗುತ್ತೆ?"

ನನ್ನ ಮೈ ಉರಿದುಹೋಯಿತು. "ಡಾಕ್ಟರೇ ಸರಿ ಇದಾಳೆ ಅಂದಿದಾರೆ. ನೀವ್ಯಾರ್ರೀ ಹೇಳೋಕೆ? ಹೆತ್ತೋಳು ಮಗು ಕೇಳಿದ್ರೆ ಕಾಯಿಲೆನಾ? ನಾಚಿಕೆ ಆಗಲ್ವಾ?" ಎಂದು ಬೀದಿಗೆ ಕೇಳುವಂತೆ ಅರಚಿದೆ. ಅವಳಿಗಿಂತ ಮೂರು ಪಟ್ಟು ಜೋರಾಗಿ ಅರಚಿದೆ. ನನಗೇನು ಕಾಯಿಲೆ ಎಂದು ಒಬ್ಬರೂ ಕೇಳಲಿಲ್ಲ.

ಗಲಾಟೆಗೆ ಮಗು ಒಳಗಿನಿಂದ ಬಂತು. ಬಾಗಿಲ ಚೌಕಟ್ಟು ಹಿಡಿದು ನಿಂತು ಅಮ್ಮನನ್ನೇ ನೋಡಿತು. ಏರಿದ ಧ್ವನಿ ಅದರ ಕಿವಿಗೆ ಬಿದ್ದಿತ್ತು. ಕಾಲ ಬೆರಳುಗಳು ನೆಲಕ್ಕೆ ಕಚ್ಚಿಕೊಂಡಿದ್ದವು, ಇನ್ನೇನು ಓಡಿಹೋಗುವ ಹಾಗೆ.

"ಅಮ್ಮಾ, ಮಾತ್ರೆ ತಗೊಂಡ್ಯಾ?"

ಇವಳು ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬೇಡ ಕಣೆ, ನಿಜ ಹೇಳು ಎಂದು ನಾನು ಕಣ್ಣಲ್ಲೇ ಹೇಳಿದೆ. ಅವಳು ಮೆಲ್ಲಗೆ ಮೊಣಕಾಲೂರಿ ಕೂತು, ಎರಡೂ ಕೈ ಚಾಚಿದಳು.

"ತಗೊಂಡೆ ಕಂದ. ಹೆದರಬೇಡ, ಬಾ."

ಮಗು ಓಡಿ ಬಂದು ತೊಡೆಯೇರಿ ಕೂತಿತು.

ಅಕ್ಕ ಚಪ್ಪಾಳೆ ತಟ್ಟುವುದೊಂದು ಬಾಕಿ. "ಕೇಳಿಸ್ಕೊಂಡ್ರಾ? ಅವಳ ಬಾಯಲ್ಲೇ ಬಂತು, ಇನ್ನೂ ತಗೋತಿದಾಳಂತೆ! ಅಲ್ಲ ಕಣೆ, ನಮ್ಮ ಕಣ್ಣಿಗೇ ಮಣ್ಣೆರಚೋಕೆ ಬಂದ್ಯಾ? ಹೋಗು. ಬಿಟ್ಟ ಮೇಲೆ ಬಾ."

ನಾನು ಬಾಯಿ ತೆರೆದೆ. ಇವಳು ಬೇಡವೆಂದು ತಲೆಯಾಡಿಸಿದಳು. ಮಗು ಅವಳ ಕುತ್ತಿಗೆಗೆ ಮುಖವಿಟ್ಟು ನಿರಾಳವಾಗಿ ಉಸಿರಾಡುತ್ತಿತ್ತು. ಸುಳ್ಳು ಹೇಳಿದೆ ಎಂದು ಈಗ ಹೇಳಿದರೆ ಅದು ಮತ್ತೆ ಮಂಚದ ಕೆಳಗೇ.

ಬಸ್ ಸ್ಟಾಪಿನವರೆಗೂ ನಾನು ಬೈಯುತ್ತಲೇ ಬಂದೆ. ಒಂದೂವರೆ ವರ್ಷ ಪಟ್ಟ ಪಾಡನ್ನೆಲ್ಲ ಒಂದು ಮಾತಿಗೆ ನೀರುಪಾಲು ಮಾಡಿದೆಯಲ್ಲೇ, ಇನ್ನು ಯಾವ ಜನ್ಮಕ್ಕೆ ನಿನ್ನ ಮಗಳು ಸಿಗುತ್ತಾಳೆ ಎಂದೆ. ಬಸ್ಸು ಬಂತು. ಹತ್ತಿ ಕೂತ ಮೇಲೆ ಅವಳು, ತನ್ನ ಮಡಿಲಲ್ಲಿ ಮಗು ಕೂತು ಎದ್ದ ಜಾಗದ ಸುಕ್ಕನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. ಬಿಡಿಸಲಿಲ್ಲ.

"ಬರೋ ಭಾನುವಾರಾನೂ ಕೇಳ್ತಾಳೆ ಕಣೆ" ಅಂದಳು. "ಆಗ್ಲೂ ತಗೊಂಡೆ ಅಂತಾನೇ ಹೇಳಬೇಕು."