ಕೊಲ್ಹಾಪುರದಲ್ಲಿ ನಿನ್ನೆಯ ಪಲ್ಯ

ಸುಮತಿ ಅಕ್ಕ ಊಟದ ಡಬ್ಬಿ ಬಿಚ್ಚುವ ಮೊದಲು, ತಾವು ತಂದ ಪಲ್ಯ ಯಾವುದೆಂದು ಸರ್ವರ್‌ಗೆ ಹೇಳುತ್ತಿದ್ದರು.

ನಮ್ಮದು ಇಚಲಕರಂಜಿಯಲ್ಲಿ ನೇಕಾರರಿಗೆ ನೂಲು ಕೊಟ್ಟು ಬಟ್ಟೆ ನೇಯಿಸಿಕೊಳ್ಳುವ ಕಂಪನಿ. ಇಲ್ಲಿನ ಸರ್ವರ್‌ನಲ್ಲಿ ಬರೆದದ್ದೆಲ್ಲ ಕ್ಷಣದಲ್ಲಿ ಕೊಲ್ಹಾಪುರ ಮತ್ತು ಗಡಹಿಂಗ್ಲಜದ ಸರ್ವರ್‌ಗಳಿಗೂ ನಕಲಾಗಬೇಕು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಈ ಏರ್ಪಾಡು. ಮೂರೂ ನೆಟ್ಟಗಿವೆಯೇ ಎಂದು ನೋಡುವುದು ಅಕ್ಕನ ಕೆಲಸ. ಪರದೆಯ ಮೇಲೆ ಮೂರು ಹಸಿರು ದೀಪ ಉರಿಯುತ್ತಿದ್ದವು. ಅಕ್ಕನಿಗೆ ಅವುಗಳ ಮೇಲೆ ನಂಬಿಕೆ ಇರಲಿಲ್ಲ. ದೀಪಕ್ಕೆ ಉಸಿರಾಟ ಮಾತ್ರ ಗೊತ್ತು, ನೆನಪು ಗೊತ್ತಿಲ್ಲ ಅನ್ನುತ್ತಿದ್ದರು. ಅದಕ್ಕೇ ಇಲ್ಲಿ 'ಹೀರೇಕಾಯಿ' ಎಂದು ಬರೆದು, ಉಳಿದೆರಡೂರಿನಲ್ಲಿ ಹೀರೇಕಾಯಿ ಕಂಡ ಮೇಲೆಯೇ ಕೈ ತೊಳೆಯಲು ಏಳುತ್ತಿದ್ದರು.

ಜೈನರ ಮನೆಯವರು. ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುತ್ತಿರಲಿಲ್ಲ. ಒಮ್ಮೆ ಗಡಹಿಂಗ್ಲಜದ ಲೈನು ಸಂಜೆಯವರೆಗೂ ಬರಲಿಲ್ಲ. ಡಬ್ಬಿ ಮೇಜಿನ ಮೇಲೆಯೇ ತಣ್ಣಗಾಯಿತು. ನಾನು ಬೇಡಿಕೊಂಡೆ.

"ಗಡಹಿಂಗ್ಲಜ ಉಪಾಸ ಕುಂತೈತಿ ತಮ್ಮಾ, ನಾ ಹ್ಯಾಂಗ ಉಣ್ಣಲಿ?" ಅಂದರು.

ಬಾಗಿಲಾಚೆ ಬಿಸಿಲು ಸರಿದು ಹೋಯಿತು. ಡಬ್ಬಿಯನ್ನು ಹಾಗೆಯೇ ಕಟ್ಟಿಕೊಂಡು ಮನೆಗೆ ನಡೆದರು. ನಮಗೆಲ್ಲ ಇದು ತಮಾಷೆಯ ವಿಷಯವಾಗಿತ್ತು.

ಆಮೇಲೆ ಆ ಯುಗಾದಿ ಪಾಡ್ವಾ ಬಂತು. ಕೊಲ್ಹಾಪುರದಲ್ಲಿ ಹೊಸ ಆಫೀಸು. ಅಲ್ಲಿನ ಸರ್ವರ್ರೇ ಇನ್ನು ಮುಖ್ಯವಾಗಬೇಕು, ಅದೂ ಬೆಳಗಿನ ಮುಹೂರ್ತದಲ್ಲಿಯೇ ಎಂದು ಮಾಲೀಕರ ಮಗ ಸಣ್ಣ ಶೇಠರ ಹಟ. ಅಕ್ಕ ಮತ್ತು ನಾನು ಅಲ್ಲಿಗೆ ಹೋಗಿದ್ದೆವು. ಸರ್ವರ್‌ಗೆ ಕುಂಕುಮ, ಹೂವು ಏರಿದ್ದವು. ದೀಪಗಳೆಲ್ಲ ಹಸಿರು. ಅಕ್ಕ ಹೊರಡುವ ಮುನ್ನ ಇಚಲಕರಂಜಿಯಲ್ಲಿ ಆ ದಿನದ ಪಲ್ಯ ಬರೆದು ಬಂದಿದ್ದರು. ಗಡಹಿಂಗ್ಲಜಕ್ಕೆ ಅದು ಮುಟ್ಟಿತ್ತು.

"ಶೇಠಜೀ, ಕೊಲ್ಹಾಪುರ ಇನ್ನೂ ನಿನ್ನಿ ಪಲ್ಯಾನ ತೋರಸಾಕತ್ತೈತ್ರಿ. ನಿನ್ನಿ ಊಟದ ಹೊತ್ತಿನಿಂದ ಇದು ಏನೂ ಬರಕೊಂಡಿಲ್ಲ. ಮಧ್ಯಾಹ್ನದ ತನಕ ತಡೀರಿ."

ಮುಹೂರ್ತ ತಪ್ಪಿದರೆ ನಿಮ್ಮ ಪಲ್ಯ ಅದನ್ನು ತಂದುಕೊಡುತ್ತದೆಯೇ ಎಂದು ಶೇಠರು ಮರಾಠಿಯಲ್ಲಿ ಕೇಳಿದರು. ಬಂದ ನೆಂಟರೆಲ್ಲ ನಕ್ಕರು. ಅಕ್ಕ ಹೇಳುವುದು ಸರಿ ಎಂದು ನಾನೂ ಅಂದೆ. ನೀ ಪೇಢೆ ಹಂಚು ಹೋಗು ಅಂದರು ಶೇಠರು. ಕಾಯಿ ಒಡೆಯಿತು, ಶೇಠರೇ ಗುಂಡಿ ಒತ್ತಿದರು. ಉಳಿದೆರಡು ಸರ್ವರ್‌ಗಳು ಕೊಲ್ಹಾಪುರವನ್ನು ನೋಡಿಕೊಂಡು ತಮ್ಮನ್ನು ತಿದ್ದಿಕೊಂಡವು. ಕೊಲ್ಹಾಪುರದಲ್ಲಿ ಇಲ್ಲದ್ದು ಎಲ್ಲಿಯೂ ಇಲ್ಲವಾಯಿತು.

ಹಿಂದಿನ ದಿನ ಊಟದ ಹೊತ್ತಿನ ಮೇಲೆ ನೇಕಾರರು ತಂದುಕೊಟ್ಟ ಬಟ್ಟೆ ಹೀಗೆ ಲೆಕ್ಕದಿಂದ ಹೋಯಿತು. ಅವರು ಇಚಲಕರಂಜಿಯ ಆಫೀಸಿಗೆ ಬಂದು ಕೂಲಿಗಾಗಿ ಕೂಗಾಡಿದರು. ಶೇಠರು ಅಂಗಳಕ್ಕೆ ಇಳಿದು, ನೋಡಬೇಕಾದವರು ಸುಮತಿಬಾಯಿ, ವಯಸ್ಸಾಗಿದೆ, ಮರೆವು ಹತ್ತಿದೆ ಎಂದರು. ಅಕ್ಕ ಅಲ್ಲೇ ನಿಂತಿದ್ದರು. ಇಷ್ಟು ವರ್ಷ ಅಕ್ಕಾರ ಎಂದು ಕೈಮುಗಿದು ಬರುತ್ತಿದ್ದ ನೇಕಾರರು ಅವರ ಮುಖ ನೋಡದೆ ಹೊರಟರು. ಅಕ್ಕನನ್ನು ಕೆಲಸದಿಂದ ತೆಗೆದರು. ಅದಕ್ಕಿಂತ ನೇಕಾರರು ಮುಖ ತಿರುಗಿಸಿದ್ದು ಅವರನ್ನು ಹಣ್ಣು ಮಾಡಿತು.

ಕಡೆಯ ಸಲ ನೋಡಿದ್ದು ಗಡಹಿಂಗ್ಲಜದಲ್ಲಿ, ಅವರ ತಮ್ಮನ ಮನೆಯಲ್ಲಿ. ಹೊತ್ತು ಮುಳುಗುವುದರಲ್ಲಿತ್ತು. ಅಕ್ಕ ನನಗೂ ತಾಟು ಹಾಕಿದರು. ಅಷ್ಟರಲ್ಲಿ ಅವರ ಫೋನು ಸದ್ದು ಮಾಡಿತು. ಗಡಹಿಂಗ್ಲಜದ ಸರ್ವರ್ ನಿಂತಿದೆ ಎಂಬ ಸಂದೇಶ.

"ನನ್ನ ತಗದಾರ, ನನ್ನ ನಂಬರ ತಗದಿಲ್ಲ," ಅಂದರು.

ಆ ಸರ್ವರ್ ಇದ್ದದ್ದು ಅದೇ ಓಣಿಯ ತುದಿಯಲ್ಲಿ. ನಾನು ಏಳಲು ಹೋದೆ. ಅಕ್ಕ ಫೋನನ್ನು ಬೋರಲು ಹಾಕಿ, ರೊಟ್ಟಿ ಮುರಿದರು.

"ಹೊತ್ತು ಮುಳಗತೈತಿ. ಉಣ್ಣು."

ಫೋನು ಮತ್ತೆ ಮತ್ತೆ ಸದ್ದು ಮಾಡಿತು. ಅಕ್ಕ ತಾಟು ಖಾಲಿ ಮಾಡಿ, ಕೈ ತೊಳೆದರು. ನನ್ನ ತಾಟಿನಲ್ಲಿ ರೊಟ್ಟಿ ಹಾಗೆಯೇ ಇತ್ತು.