ಹಿಂದಿನ ಬೆಂಚಿನ ಶಾಹಿದಾ ಮೇಡಂ

ಶಾಹಿದಾ ಮೇಡಂ ನಮಗೆ ಪಾಠ ಮಾಡಿದ್ದು ಹಿಂದಿನಿಂದ, ನಮ್ಮ ಬೆನ್ನು ನೋಡಿಕೊಂಡು. ತರಗತಿಗೆ ಬಂದವರೇ ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಬೆಂಚುಗಳ ನಡುವೆ ಸೀದಾ ನಡೆದುಹೋಗಿ ಕೊನೆಯ ಬೆಂಚಿನಲ್ಲಿ ಕೂತುಬಿಡುತ್ತಿದ್ದರು. ನಾವು ಐವತ್ತು ಜನ ಬಿ.ಎಡ್. ವಿದ್ಯಾರ್ಥಿಗಳು ಖಾಲಿ ಕಪ್ಪುಹಲಗೆಯನ್ನು ನೋಡುತ್ತಾ ಕೂತಿರಬೇಕು, ದನಿ ಹಿಂದಿನಿಂದ ಬರುತ್ತಿತ್ತು. ತಿರುಗಿ ನೋಡುವಂತಿರಲಿಲ್ಲ. ಹೊನ್ನಾಳಿಯ ಆ ಕಾಲೇಜಿನಲ್ಲಿ ಮೊದಲ ವಾರವೆಲ್ಲ ನನಗೆ ಕತ್ತಿನ ಹಿಂಭಾಗ ತುರಿಸುತ್ತಲೇ ಇತ್ತು.

ನನ್ನ ಗೆಳೆಯ ಹಾಲೇಶ ಒಂದು ದಿನ ಧೈರ್ಯ ಮಾಡಿ, ಯಾಕೆ ಮೇಡಂ ಹಿಂಗೆ ಅಂತ ಕೇಳಿಯೇಬಿಟ್ಟ.

“ಮುಂದೆ ನಿಂತ್ರೆ ನಿಮ್ಮ ಮುಖ ಕಾಣ್ತೈತೆ,” ಅಂದರು. “ಮುಖಕ್ಕೆ ಸುಳ್ಳು ಹೇಳಾಕೆ ಚೆನ್ನಾಗಿ ಬರ್ತೈತೆ. ಬೆನ್ನಿಗೆ ಬರಲ್ಲ. ನಮ್ಮ ಅಬ್ಬಾ ಚನ್ನಗಿರಿಯಾಗೆ ಟೇಲರ್ರು. ಗಿರಾಕಿ ಹೊಟ್ಟೆ ಒಳಗೆಳ್ಕೊಂಡು ನಿಂತ್ರೆ ಅವರು ಸುಮ್ನೆ ಹಿಂದೆ ಹೋಗಿ ನಿಂತ್ಕೊಂತಿದ್ರು. ಎಷ್ಟೊತ್ತು ಅಂತ ಎಳ್ಕೊಂತಾನೆ?”

ಅರ್ಥವಾಯಿತಾ ಎಂದು ಅವರು ಕೇಳಿದಾಗ ನಾವೆಲ್ಲ ಒಟ್ಟಿಗೆ ಹೌದು ಅನ್ನುತ್ತಿದ್ದೆವು. ಹಿಂದಿನಿಂದ ದನಿ ಬರುತ್ತಿತ್ತು: “ಎರಡನೇ ಬೆಂಚು, ನೀಲಿ ಅಂಗಿ. ಬಾಯಿ ಹೌದು ಅಂತು, ಕತ್ತು ಅನ್ನಲಿಲ್ಲ. ಏನು ಅರ್ಥ ಆಗ್ಲಿಲ್ಲ, ಹೇಳು.” ನೀಲಿ ಅಂಗಿ ಬಹಳ ಸಲ ನಾನೇ ಆಗಿರುತ್ತಿದ್ದೆ.

ಕುಳ್ಳಗಿನ ಹೆಂಗಸು. ತಲೆಯ ಮೇಲೆ ಸೆರಗು, ಮೂಗಿನ ತುದಿಗೆ ಜಾರಿದ ಕನ್ನಡಕ. ಯಾವ ಬಟ್ಟೆ ಕೈಗೆ ಸಿಕ್ಕಿದರೂ ಅಂಚು ಮಗುಚಿ ಒಳಗಿನ ಹೊಲಿಗೆ ನೋಡುವ ಅಭ್ಯಾಸ. ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳ ಶಾಲನ್ನೂ ಹಾಗೆ ಮಗುಚಿ ನೋಡಿದ್ದನ್ನು ನಾವು ಕಂಡಿದ್ದೇವೆ. ಅವರು ಹೇಳುತ್ತಿದ್ದ ವಿಷಯ ಶಿಕ್ಷಣದ ತತ್ವಶಾಸ್ತ್ರ. ಅಲ್ಲಿಯೂ ಅದೇ ಕೆಲಸ.

ಆದರ್ಶವಾದದ ಬಗ್ಗೆ ನಾನು ಮೂರು ಪುಟ ಬರೆದು ಒಪ್ಪಿಸಿದಾಗ ಅವರು ಹೇಳಿದ್ದು ಇಷ್ಟೆ: “ಭಾಳ ಚಂದದ ಅಂಗಿ. ಇದನ್ನ ಹಾಕ್ಕೊಳ್ಳೋ ಮನುಷ್ಯ ಎಲ್ಲದಾನೆ, ಕರ್ಕೊಂಡ್ಬಾ.” ಉಪಯೋಗಕ್ಕೆ ಬಂದದ್ದೇ ಸತ್ಯ ಎನ್ನುವ ಪ್ರಯೋಜನವಾದವನ್ನು ಹಾಲೇಶ ಹೊಗಳಿದಾಗ, ಯಾರ ಉಪಯೋಗಕ್ಕೆ ಅಂತ ಒಂದೇ ಪ್ರಶ್ನೆ ಕೇಳಿ ಅವನನ್ನು ಇಡೀ ಪೀರಿಯಡ್ಡು ನಿಲ್ಲಿಸಿಕೊಂಡರು. ಆದರೆ ಅವರಿಗೆ ಎಲ್ಲಕ್ಕಿಂತ ಹೆಚ್ಚು ಗುಮಾನಿ ಇದ್ದದ್ದು ನಿಸರ್ಗವಾದದ ಮೇಲೆ. ಮಗುವನ್ನು ಅದರ ಪಾಡಿಗೆ ಬಿಡಿ, ಅದು ಸುತ್ತಲಿನ ಲೋಕದಿಂದ ತಾನೇ ಕಲಿಯುತ್ತದೆ ಎಂಬುದು ಅದರ ಮಾತು. ನಮಗೆಲ್ಲ ಅದೇ ಇಷ್ಟವಾಗಿತ್ತು.

“ಬಿಡ್ರಿ ಅಂತಾರೆ, ಬಿಡಲ್ಲ,” ಅಂದರು ಮೇಡಂ. “ಮರೆಯಾಗೆ ನಿಂತಿರ್ತಾರೆ. ಮಗು ನಡ್ಕೊಂಡು ಹೋಗ್ತೈತೆ, ಕಲ್ಲು ಎಡವುತೈತೆ, ಓಹೋ ಕಲ್ಲು ಗಟ್ಟಿ ಅಂತ ಕಲಿತೈತೆ. ತಾನೇ ಕಲಿತೆ ಅಂತ ಅದಕ್ಕೆ ಖುಷಿ. ಆ ಕಲ್ಲನ್ನ ಅಲ್ಲಿ ತಂದಿಟ್ಟೋರು ಯಾರು? ಶಕ್ ಮಾಡಾಕೆ ಕಲೀರಿ. ಮೇಷ್ಟ್ರಿಗೆ ಶಕ್ ಇರಬೇಕು.”

ಶಕ್ ಅಂದರೆ ಅನುಮಾನ. ನನಗೆ ಅದನ್ನು ಹೊಸದಾಗಿ ಕಲಿಸುವ ಅಗತ್ಯವಿರಲಿಲ್ಲ. ನಾನು ಬಸವಾಪಟ್ಟಣದವನು, ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಎರಡು ಸಲ ಕೇಳಿ ಹತ್ತುವ ಮನೆಯಲ್ಲಿ ಬೆಳೆದವನು. ಆದರೆ ಮೇಡಂ ಕೈಯಲ್ಲಿ ಆ ಗುಣಕ್ಕೆ ಸಾಣೆ ಬಿತ್ತು.

ಪಾಠಯೋಜನೆ ಬರೆಯುವಾಗ ನಮ್ಮ ಪುಸ್ತಕದಲ್ಲಿ ಎರಡು ಕಾಲಂ ಇರುತ್ತಿದ್ದವು. ಎಡಗಡೆ ಶಿಕ್ಷಕರ ಪ್ರಶ್ನೆ, ಬಲಗಡೆ ಮಕ್ಕಳಿಂದ ನಿರೀಕ್ಷಿತ ಉತ್ತರ. ಮಕ್ಕಳನ್ನು ನೋಡುವ ಮೊದಲೇ ಅವರ ಉತ್ತರವನ್ನೂ ನಾವೇ ಬರೆದು ಮುಗಿಸಬೇಕು. ಮೇಡಂ ನನ್ನ ಪುಸ್ತಕ ನೋಡಿ, “ಮಕ್ಕಳ ಪಾಲಿಂದೂ ನೀನೇ ಬರ್ದೀಯ. ಮತ್ತೆ ಅವರು ಯಾಕೆ ಬರಬೇಕು, ಮನೆಯಾಗೆ ಇರ್ಲಿ ಬಿಡು,” ಎಂದು ವಾಪಸು ಕೊಟ್ಟರು. ಬಲಗಡೆ ಖಾಲಿ ಬಿಟ್ಟರೆ ಪ್ರಾಂಶುಪಾಲರು ಸಹಿ ಹಾಕುತ್ತಿರಲಿಲ್ಲ, ತುಂಬಿಸಿದರೆ ಮೇಡಂ ಹಾಕುತ್ತಿರಲಿಲ್ಲ. ನಾನು ಎರಡು ಪುಸ್ತಕ ಇಟ್ಟೆ. ಮೂರನೇ ದಿನವೇ ಮೇಡಂ, “ಇನ್ನೊಂದು ಎಲ್ಲೈತೆ?” ಅಂದರು. ಯಾರು ಹೇಳಿದರೋ ಗೊತ್ತಾಗಲಿಲ್ಲ. ಹಾಲೇಶನ ಮೇಲೆ ಒಂದು ತಿಂಗಳು ಅನುಮಾನ ಇತ್ತು.

ಕೊನೆಯ ಪರೀಕ್ಷಾ ಪಾಠ ನನಗೂ ಹಾಲೇಶನಿಗೂ ನ್ಯಾಮತಿಯ ಒಂದು ಹೈಸ್ಕೂಲಿನಲ್ಲಿ ಬಿತ್ತು. ನನಗೆ ಎಂಟನೇ ತರಗತಿ, ವಿಷಯ ಶಾಖ. ಆಗ ಪ್ರಶಿಕ್ಷಣಾರ್ಥಿಗಳೆಲ್ಲ ಒಂದು ಕೆಲಸ ಮಾಡುತ್ತಿದ್ದೆವು. ಹಿಂದಿನ ದಿನ ಸಂಜೆ ಹೋಗಿ, ಮಕ್ಕಳಿಗೆ ಚಾಕೊಲೇಟ್ ಹಂಚಿ, ನಾಳೆ ನಾನು ಏನು ಕೇಳುತ್ತೇನೆ, ನೀವು ಏನು ಹೇಳಬೇಕು ಎಂದು ಕಲಿಸಿ ಬರುವುದು. ನಾನೂ ಹೋದೆ, ಹಂಚಿದೆ, ಕಲಿಸಿದೆ. ಪಾಠೋಪಕರಣಕ್ಕೆಂದು ಮನೆಯಿಂದ ತಾತನ ಕಂಬಳಿ ತಂದಿಟ್ಟುಕೊಂಡಿದ್ದೆ.

ಮರುದಿನ ಮೇಡಂ ಕೊನೆಯ ಬೆಂಚಿನಲ್ಲಿ ಕೂತರು. ಈ ಸಲ ಅವರ ಮುಖ ನನಗೆ ಕಾಣುತ್ತಿತ್ತು. ಮೊದಲ ಇಪ್ಪತ್ತು ನಿಮಿಷ ಎಲ್ಲವೂ ಬರೆದಿಟ್ಟಂತೆ ನಡೆಯಿತು. ಚಳಿಗಾಲದಲ್ಲಿ ಕಂಬಳಿ ಏಕೆ ಹೊದೆಯುತ್ತೇವೆ ಎಂದು ಕೇಳಿದೆ. ನಲವತ್ತು ಕೈ ಎದ್ದವು. ಕಂಬಳಿ ಶಾಖ ಕೊಡುತ್ತದೆ ಸಾರ್. ನಾನು ಅವಸರದಲ್ಲಿ ಹಾಗೆಯೇ ಕಲಿಸಿದ್ದೆ, ತಪ್ಪು ಎಂದು ನನಗೂ ಹೊಳೆದಿರಲಿಲ್ಲ. ಮೇಡಂ ಕನ್ನಡಕದ ಮೇಲಿನಿಂದ ನೋಡಿದರು.

ಆಗ ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ನಾನು ಅವಳನ್ನು ಕರೆದಿರಲಿಲ್ಲ.

“ಸಾರ್, ಕಂಬಳಿ ಶಾಖ ಕೊಡ್ತೈತೆ ಅಂದ್ರೆ, ಐಸ್‌ಕ್ಯಾಂಡಿಯವ್ನು ಡಬ್ಬಕ್ಕೆ ಯಾಕೆ ಕಂಬಳಿ ಸುತ್ತಿರ್ತಾನೆ? ಕರಗಿ ಹೋಗಲ್ವಾ?”

ನನ್ನ ಯಾವ ಪುಸ್ತಕದಲ್ಲೂ ಇದಕ್ಕೆ ಕಾಲಂ ಇರಲಿಲ್ಲ. ಮೇಡಂ ಕಡೆ ನೋಡಿದೆ. ಅವರ ಮುಖದಲ್ಲಿ ಏನೂ ಇರಲಿಲ್ಲ. ಹೇಗೂ ಮುಳುಗಿದ್ದೇನೆ ಎಂದುಕೊಂಡು ಪರೀಕ್ಷೆಯ ಮಧ್ಯೆಯೇ ತರಗತಿ ಬಿಟ್ಟು, ಗೇಟಿನ ಹತ್ತಿರ ನಿಲ್ಲುತ್ತಿದ್ದ ಐಸ್‌ಕ್ಯಾಂಡಿಯವನಿಂದ ಎರಡು ಕ್ಯಾಂಡಿ ತಂದೆ. ಒಂದನ್ನು ಕಂಬಳಿಯಲ್ಲಿ ಸುತ್ತಿ, ಇನ್ನೊಂದನ್ನು ತಟ್ಟೆಯಲ್ಲಿಟ್ಟೆ. ಯಾವುದು ಮೊದಲು ಕರಗುತ್ತದೆ ಎಂದು ಕೇಳಿದೆ. ಜಗಳವೇ ಶುರುವಾಯಿತು. ನಿನ್ನೆ ಕಲಿತ ಉತ್ತರಗಳನ್ನೆಲ್ಲ ಮಕ್ಕಳು ಮರೆತರು, ನಾನೂ ಮರೆತೆ. ಬೆಲ್ಲು ಹೊಡೆದಾಗ ಯಾರೂ ಏಳಲಿಲ್ಲ. ಕಂಬಳಿ ಬಿಚ್ಚಿದೆವು. ತಟ್ಟೆಯಲ್ಲಿ ಕೆಂಪು ನೀರು, ಕಂಬಳಿಯೊಳಗೆ ಉಣ್ಣೆ ಮೆತ್ತಿಕೊಂಡ ಗಟ್ಟಿ ಕ್ಯಾಂಡಿ. ಅದೇ ಹುಡುಗಿ ಮೆಲ್ಲಗೆ, “ಅದು ಬಿಸಿನೂ ಕೊಡಲ್ಲ ತಂಪೂ ಕೊಡಲ್ಲ ಸಾರ್. ಒಳಗಿಂದು ಒಳಗೆ, ಹೊರಗಿಂದು ಹೊರಗೆ ಇಡ್ತೈತೆ,” ಅಂದಳು.

ನಾನು ಮೇಷ್ಟ್ರಾಗಬಹುದು ಎಂದು ಮೊದಲ ಸಲ ಅನ್ನಿಸಿದ್ದು ಆ ಕ್ಷಣದಲ್ಲಿ. ಮೇಡಂ ನನ್ನ ಪುಸ್ತಕದಲ್ಲಿ ಒಂದು ಸಾಲು ಬರೆದರು: ‘ಮೊದಲ ಇಪ್ಪತ್ತು ನಿಮಿಷ ನಾಟಕ. ಆಮೇಲೆ ಪಾಠ.’

ಈ ಖುಷಿ ಹೊನ್ನಾಳಿಯ ಬಸ್ಸು ಹತ್ತುವ ತನಕ ಇತ್ತು. ಬಸ್ಸಿನಲ್ಲಿ ಹಾಲೇಶ ನನ್ನ ಪಕ್ಕ ಕೂತು, “ಆ ಹುಡುಗಿ ಮೇಡಂ ಕಡೆಯೋಳು ಕಣೋ,” ಅಂದ. “ನಿನ್ನೆ ಸಂಜೆ ನೀನು ಹೋದ್ಮೇಲೆ ಮೇಡಂ ಆ ಸ್ಕೂಲಿನ ಗೇಟಿನ ಹತ್ರ ನಿಂತಿದ್ರು. ನಾನೇ ನೋಡಿದೀನಿ. ಎಂಟನೇ ಕ್ಲಾಸಿನ ಹುಡುಗಿಗೆ ಅಂಥ ಪ್ರಶ್ನೆ ಎಲ್ಲಿಂದ ಬರಬೇಕು?”

ಕಲ್ಲನ್ನು ತಂದಿಟ್ಟವರು ಯಾರು ಎಂಬ ಮಾತು ತಟ್ಟನೆ ನೆನಪಾಯಿತು. ಮರೆಯಲ್ಲಿ ನಿಂತು ಮಗುವನ್ನು ಎಡವಿಸುವವರ ಬಗ್ಗೆ ಅಷ್ಟು ವಿವರವಾಗಿ ಹೇಳಿದವರಿಗೆ ಆ ವಿದ್ಯೆ ಬರುವುದಿಲ್ಲವೇ? ನಾನು ಎಡವಿದ ಮಗು. ತಾನೇ ಕಲಿತೆ ಅಂತ ಖುಷಿಪಟ್ಟ ಮಗು.

ನನಗೆ ಕೆಲಸ ಸಿಕ್ಕಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನ ಕಡೆಯ ಶಾಲೆಯಲ್ಲಿ. ಹನ್ನೆರಡು ವರ್ಷ ಅಲ್ಲಿ ಪಾಠ ಮಾಡಿದ್ದೇನೆ. ತರಗತಿ ಮಂಕಾಗಿ, ನನ್ನ ಮಾತು ನನಗೇ ಬೇಸರವಾದ ದಿನಗಳಲ್ಲಿ ಆ ಕೆಂಪು ನೀರಿನ ತಟ್ಟೆಯನ್ನು ನೆನೆಯುತ್ತಿದ್ದೆ. ಆಗಿದೆ, ಒಮ್ಮೆ ನಿಜವಾಗಿ ಆಗಿದೆ ಎಂದುಕೊಳ್ಳುತ್ತಿದ್ದೆ. ಹಿಂದೆಯೇ ಹಾಲೇಶನ ಮಾತು ಬರುತ್ತಿತ್ತು. ಆ ತರಗತಿಯೇ ಕಲಿಸಿಕೊಟ್ಟ ನಾಟಕವಾಗಿದ್ದರೆ ನಾನು ಮೇಷ್ಟ್ರಾದದ್ದೂ ಯಾರೋ ಬರೆದ ಕಾಲಮ್ಮಿನಲ್ಲೇ. ನನ್ನ ತರಗತಿಯಲ್ಲಿ ಯಾವ ಮಗುವಾದರೂ ಒಳ್ಳೆಯ ಪ್ರಶ್ನೆ ಕೇಳಿದರೆ ಮೊದಲು ನನ್ನ ಬಾಯಿಂದ ಬರುತ್ತಿದ್ದುದು, ಇದನ್ನು ಯಾರು ಹೇಳಿಕೊಟ್ಟರು ಎಂಬ ಮಾತು. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಹೋದ ವರ್ಷ ಮೇಡಂಗೆ ಉಸಿರಿನ ತೊಂದರೆ ಹೆಚ್ಚಾಗಿದೆ ಎಂದು ಕೇಳಿ ಚನ್ನಗಿರಿಗೆ ಹೋದೆ. ನಿವೃತ್ತರಾಗಿ ತಮ್ಮನ ಮನೆಯಲ್ಲಿದ್ದರು. ಮುಂಭಾಗದಲ್ಲಿ ಅವರ ಅಬ್ಬಾನ ಟೇಲರ್ ಅಂಗಡಿ, ಈಗ ತಮ್ಮನ ಮಗ ಇಮ್ರಾನ್ ನಡೆಸುತ್ತಾನೆ. ಮೇಡಂ ಅವನ ಮಿಷನ್ನಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಅವನ ಬೆನ್ನು ನೋಡುತ್ತಾ ಕೂತಿದ್ದರು. ನಾನು ನಕ್ಕೆ. ಅವರು ನನ್ನ ಜುಬ್ಬಾದ ಅಂಚು ಮಗುಚಿ ನೋಡಿ, “ರೆಡಿಮೇಡು,” ಅಂದರು, ಬೇಸರದಿಂದ.

ಚಹಾ ಕುಡಿದ ಮೇಲೆ ಧೈರ್ಯ ಮಾಡಿದೆ. “ಮೇಡಂ, ಒಂದು ಮಾತು. ನ್ಯಾಮತಿಯಾಗೆ ಆ ಹುಡುಗಿಗೆ ಐಸ್‌ಕ್ಯಾಂಡಿ ಪ್ರಶ್ನೆ ಹೇಳಿಕೊಟ್ಟಿದ್ದು ನೀವೇ ಅಲ್ವಾ?”

ಅವರು ಕನ್ನಡಕ ತೆಗೆದರು. “ನಾನಾ? ನೀನು ಹೇಳಿಕೊಟ್ಟೀಯ ಅಂತ ನಾನು ಅಂದ್ಕೊಂಡಿದ್ದೆ.”

“ನಾನ್ಯಾಕೆ ಹೇಳಿಕೊಡ್ಲಿ ಮೇಡಂ?”

“ನನ್ನನ್ನ ಮೆಚ್ಚಿಸಾಕೆ. ಉತ್ತರ ಕಲಿಸಿದ್ರೆ ನಾನು ಹಿಡೀತೀನಿ ಅಂತ ನಿಮಗೆಲ್ಲ ಗೊತ್ತಿತ್ತು. ಇವನು ಕಿಲಾಡಿ, ಪ್ರಶ್ನೆನೇ ಕಲಿಸಿ ತಂದಾನೆ ಅಂದ್ಕೊಂಡೆ. ಅದಕ್ಕೇ ಎರಡು ಮಾರ್ಕ್ಸ್ ಕಡಿಮೆನೂ ಕೊಟ್ಟೆ.”

“ಹಿಂದಿನ ದಿನ ನೀವು ಗೇಟಿನ ಹತ್ರ ಇದ್ರಿ ಅಂತ ಹಾಲೇಶ ನೋಡಿದ್ದ.”

“ಇದ್ದೆ. ನೀವು ಚಾಕ್ಲೇಟ್ ಹಂಚೋದು ನೋಡಾಕೆ ಬಂದಿದ್ದೆ. ನೋಡ್ಕೊಂಡು ವಾಪಸ್ ಹೋದೆ. ಮಕ್ಕಳ ಹತ್ರ ಮಾತಾಡಲಿಲ್ಲ.”

ಇಮ್ರಾನನ ಮಿಷನ್ನು ಒಂದು ತೋಳು ಹೊಲಿದು ಮುಗಿಸಿತು. ಆಮೇಲೆ ಮೇಡಂ ನಿಧಾನವಾಗಿ ಮಾತಾಡಿದರು, ಉಸಿರಿಗಾಗಿ ನಡುನಡುವೆ ನಿಲ್ಲಿಸುತ್ತಾ.

“ಎಂಥ ಜನ ನೋಡು ನಾವು. ಅಷ್ಟೂ ವಾದ ಓದಿದ್ವಿ. ಮಗು ಹೆಂಗೆ ಕಲಿತೈತೆ ಅಂತ ನಾನು ಮೂವತ್ತು ವರ್ಷ ಪಾಠ ಮಾಡಿದೆ. ಒಂದು ಹುಡುಗಿ ತಾನೇ ಯೋಚನೆ ಮಾಡಿ ಒಂದು ಪ್ರಶ್ನೆ ಕೇಳಿರಬಹುದು ಅಂತ ನಿನಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ನಾನು ನಿನ್ನ ನೋಡ್ತಿದ್ದೆ, ನೀನು ನನ್ನ ನೋಡ್ತಿದ್ದೆ. ಏನು ಅವಳ ಹೆಸರು?”

ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಅವಳ ಮೇಲೆ ಅನುಮಾನಪಟ್ಟವನು ಒಮ್ಮೆಯೂ ಅವಳ ಹೆಸರು ಕೇಳಿರಲಿಲ್ಲ. ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ಅದೂ ಬರಲಿಲ್ಲ.

“ನನಗೂ ಗೊತ್ತಿಲ್ಲ,” ಅಂದರು ಮೇಡಂ. “ಬೆನ್ನು ಮಾತ್ರ ನೆನಪೈತೆ. ಎರಡು ಜಡೆ, ಒಂದು ರಿಬ್ಬನ್ನು ಬಿಚ್ಚಿತ್ತು. ಬೆನ್ನು ನೋಡಿ ಏನು ಮಾಡೋದು, ಹೇಳು.” ತಮ್ಮ ಇಡೀ ಪದ್ಧತಿಯ ಮೇಲೆಯೇ ಅವರು ಅನುಮಾನಪಟ್ಟದ್ದನ್ನು ನಾನು ಕಂಡದ್ದು ಆ ಒಂದು ಸಲ. ಹೊರಡುವಾಗ ನನ್ನ ಕೈ ಹಿಡಿದುಕೊಂಡು, “ಹೆಸರು ತಿಳ್ಕೊಂಡು ಬಾ. ಫೋನಾಗೆ ಬೇಡ, ಎದುರಿಗೆ ಬಂದು ಹೇಳು,” ಅಂದರು.

ಶಾಲೆಯ ಪರೀಕ್ಷೆ, ಮೌಲ್ಯಮಾಪನ ಅಂತ ಎರಡು ತಿಂಗಳು ಹೋದವು. ರಜೆ ಬಂದ ಮೇಲೆ ನ್ಯಾಮತಿಗೆ ಹೋದೆ. ಆಗಿನ ಶಿಕ್ಷಕರು ಒಬ್ಬರೂ ಇರಲಿಲ್ಲ. ಈಗಿನ ಮುಖ್ಯೋಪಾಧ್ಯಾಯಿನಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹನ್ನೆರಡು ವರ್ಷದ ಹಿಂದಿನ ಹುಡುಗೀರ ಹೆಸರು ನಿಮಗ್ಯಾಕ್ರಿ?” ಅಂದರು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ಕಂಬಳಿಯ ಕಥೆಯನ್ನು ಮೊದಲಿಂದ ಹೇಳಿದೆ. ಪೂರ್ತಿ ನಂಬಲಿಲ್ಲ. ಆದರೂ ಹಳೆಯ ಹಾಜರಿ ಪುಸ್ತಕ ತರಿಸಿ, ಅದನ್ನು ನನ್ನ ಕೈಗೆ ಕೊಡದೆ, ಹೆಸರುಗಳನ್ನಷ್ಟೇ ಓದಿ ಹೇಳಿದರು, ನಾನು ಒಂದು ಚೀಟಿಯಲ್ಲಿ ಪಟ್ಟಿ ಮಾಡಿಕೊಂಡೆ. ಹತ್ತೊಂಬತ್ತು ಹುಡುಗಿಯರು. ಮೂರನೇ ಬೆಂಚಿನಲ್ಲಿ ಕೂರುತ್ತಿದ್ದವರು ಯಾರು ಎಂದು ಹಾಜರಿ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಅಲ್ಲಿಂದಲೇ ಚನ್ನಗಿರಿಯ ಬಸ್ಸು ಹಿಡಿದೆ. ಅಂಗಡಿಯಲ್ಲಿ ಇಮ್ರಾನ್ ಹೊಲಿಯುತ್ತಿದ್ದ. ಹಿಂದಿನ ಕುರ್ಚಿ ಖಾಲಿಯಿತ್ತು. “ಅತ್ತೆ ಹೋಗಿ ಹದಿನೈದು ದಿನ ಆಯ್ತು ಸರ್,” ಅಂದ. “ನಿಮ್ಮ ನಂಬರ್ ನನ್ನ ಹತ್ರ ಇರಲಿಲ್ಲ. ಕುರ್ಚಿ ತೆಗಿಯಾಕೆ ಮನಸ್ಸು ಬಂದಿಲ್ಲ. ಹೊಲಿಗೆ ಸೊಟ್ಟ ಹೋದ್ರೆ ಈಗ್ಲೂ ತಿರುಗಿ ನೋಡ್ತೀನಿ.”

ಆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಜೇಬಿನಿಂದ ಪಟ್ಟಿ ತೆಗೆದು ಓದಿದೆ. ಆಶಾ, ಕಾವ್ಯ, ಕೌಸರ್ ಬಾನು, ಗಂಗಮ್ಮ, ಹೀಗೆ ಕೊನೆಯವರೆಗೆ, ಹಾಜರಿ ಕೂಗುವ ಹಾಗೆ. ಮೇಡಂ, ಅವಳು ಯಾರು ಅಂತ ಗೊತ್ತಾಗಲಿಲ್ಲ, ಆದರೆ ಈ ಹತ್ತೊಂಬತ್ತರಲ್ಲಿ ಯಾರು ಬೇಕಾದರೂ ಆ ಪ್ರಶ್ನೆ ಕೇಳಿರಬಹುದು. ಇಷ್ಟನ್ನು ಎದುರಿಗೆ ನಿಂತು ಹೇಳುವುದಕ್ಕೆ ನಾನು ಬಂದಿದ್ದೆ.