ಮಾವನ ಕತ್ತರಿ ಮಸೆದದ್ದು

ಹೊಳೆನರಸೀಪುರದಲ್ಲಿ ಹೊರಗಿನ ಅಧಿಕಾರಿಗಳು ಬಂದು ಇಳಿದುಕೊಳ್ಳುವ ಬಂಗಲೆಯಲ್ಲಿ ನನ್ನ ಮಾವ ಇಪ್ಪತ್ತೆರಡು ವರ್ಷ ಮಾಲಿಯಾಗಿದ್ದರು. ಮದುವೆಯಾಗಿ ನಾನು ಆ ಮನೆಗೆ ಬಂದಾಗ ನನಗೆ ಹದಿನಾರು. ಮನೆ ಅಂದರೆ ಬಂಗಲೆಯ ಹಿಂದೆ ಕುದುರೆ ಲಾಯಕ್ಕೆ ಒತ್ತಿಕೊಂಡಿದ್ದ ಒಂದು ಹೆಂಚಿನ ಕೋಣೆ, ಸರ್ಕಾರದ್ದು. ಮರುವರ್ಷ ಪ್ಲೇಗು ಬಂದಾಗ ಎಲ್ಲರಂತೆ ನಾವೂ ಊರಾಚೆ ಗುಡಿಸಲು ಹಾಕಿಕೊಂಡೆವು. ಅಲ್ಲಿಗೆ ಹೋದ ಐದನೇ ದಿನ ನನ್ನ ಗಂಡನ ಕಂಕುಳಲ್ಲಿ ಗಡ್ಡೆ ಕಾಣಿಸಿತು. ಎಂಟನೇ ದಿನ ಅವರು ಇರಲಿಲ್ಲ. ಅತ್ತೆ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಪ್ಲೇಗು ಇಳಿದ ಮೇಲೆ ಆ ಕೋಣೆಗೆ ವಾಪಸು ಬಂದವರು ಮಾವ ಮತ್ತು ನಾನು, ಇಬ್ಬರೇ.

ನನ್ನ ಅಣ್ಣ ಹಿರೀಸಾವೆಯಿಂದ ಕರೆದೊಯ್ಯಲು ಬಂದಿದ್ದ. ಮಾವನೂ ಹೋಗು ಅಂದರು. ನಾನು ಹೋಗಲಿಲ್ಲ. ಅದು ತ್ಯಾಗವೇನಲ್ಲ. ಅತ್ತಿಗೆಯ ಕೈಕೆಳಗೆ ಬಾಳುವುದಕ್ಕಿಂತ, ಮಾತಿಲ್ಲದ ಈ ಮುದುಕನಿಗೆ ಮುದ್ದೆ ಕಟ್ಟಿ ಹಾಕುವುದು ನನಗೆ ಹಗುರ ಅನ್ನಿಸಿತ್ತು.

ಶನಿವಾರ ಮಧ್ಯಾಹ್ನ ಮಾವ ತಮ್ಮ ಸಾಮಾನುಗಳನ್ನು ಹೊಂಗೆಮರದ ಕೆಳಗೆ ಹರಡಿ ಮಸೆಯುತ್ತಿದ್ದರು. ಗೋರಂಟಿ ಬೇಲಿ ಸವರುವ ಉದ್ದನೆಯ ಕತ್ತರಿ, ಕುಡುಗೋಲು, ಮಚ್ಚು, ಕೊನೆಗೆ ಗುಲಾಬಿ ಕಡ್ಡಿ ಕತ್ತರಿಸುವ ಕೈಕತ್ತರಿ. ಅಂಗೈಯಲ್ಲಿ ಹಿಡಿಸುವಂಥ ಒಂದು ಸಾಣೆಕಲ್ಲಿತ್ತು. ಅದಕ್ಕೆ ಎರಡು ಹನಿ ಹರಳೆಣ್ಣೆ ಬಿಟ್ಟು, ಅಲಗಿನ ಬುಡದಿಂದ ತುದಿಯವರೆಗೆ ಒಂದೇ ದಿಕ್ಕಿಗೆ ಎಳೆಯಬೇಕು. ಕೈಕತ್ತರಿಯ ಅಲಗಿನಲ್ಲಿ ಓರೆಯಾದ ಮಗ್ಗಲನ್ನಷ್ಟೇ ಮಸೆಯುವುದು. ಚಪ್ಪಟೆ ಮಗ್ಗಲನ್ನು ಉಜ್ಜಿದರೆ ಎರಡು ಅಲಗೂ ಕೂಡುವುದಿಲ್ಲ, ಕತ್ತರಿ ಕೆಟ್ಟಂತೆಯೇ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಅವರೇ.

ಒಂದು ಶನಿವಾರ ನೀರು ಹೊತ್ತು ಬರುತ್ತಿದ್ದೆ. ಮಾವ ಚಪ್ಪಟೆ ಮಗ್ಗಲನ್ನೇ ಉಜ್ಜುತ್ತಿದ್ದರು. ಬಿಂದಿಗೆ ಇಳಿಸಿ ಹತ್ತಿರ ಹೋಗಿ ನಿಂತೆ. ನಾನು ನಿಂತದ್ದೂ ಅವರಿಗೆ ತಿಳಿಯಲಿಲ್ಲ.

"ಮಾವ, ಅದು ಚಪ್ಪಟೆ ಮಗ್ಗಲು."

ಅವರ ಕೈ ನಿಂತಿತು. ಹೆಬ್ಬೆರಳಿನಿಂದ ಅಲಗು ಸವರಿ ನೋಡಿಕೊಂಡರು.

"ಎಷ್ಟ್ ದಿನ ಆತು ಮಾವ, ಇಂಗೆ?"

"ಓದ ಸುಗ್ಗೀಲಿಂದ. ಎಡಗಣ್ಣು ಪೂರ್ತಿ ಓಗ್ಯದೆ. ಬಲಗಣ್ಣಲ್ಲಿ ಬೆಳಕು ಗೊತ್ತಾಯ್ತದೆ, ಅಷ್ಟೇಯ." ಕತ್ತರಿಯನ್ನು ನನ್ನ ಕಡೆ ಚಾಚಿ ಹೇಳಿದರು: "ಯಾರ್ಗೂ ಏಳ್ಬ್ಯಾಡ ಕಣವ್ವ. ಕೆಲ್ಸ ಓದ್ರೆ ಈ ಮನೇನೂ ಓಯ್ತದೆ."

ಅಂದಿನಿಂದ ಮಸೆಯುವ ಕೆಲಸ ನನ್ನದಾಯಿತು. ಬೇಲಿಯನ್ನೂ ನಾನೇ ಸವರುತ್ತಿದ್ದೆ, ಬಂಗಲೆಯಲ್ಲಿ ಯಾರೂ ಇಳಿದುಕೊಳ್ಳದ ದಿನ ನೋಡಿಕೊಂಡು. ಗುಲಾಬಿಯನ್ನು ಮಾತ್ರ ಮಾವ ಬಿಟ್ಟುಕೊಡಲಿಲ್ಲ. ಎಡಗೈಯಲ್ಲಿ ಕಡ್ಡಿ ಹಿಡಿದು, ತೋರುಬೆರಳಿನಿಂದ ಚಿಗುರಿನ ಮೊಗ್ಗು ಎಲ್ಲಿದೆ ಎಂದು ತಡಕಿ, ಅದಕ್ಕಿಂತ ಒಂದು ಬೆರಳು ಮೇಲಕ್ಕೆ ಕತ್ತರಿ ಇಡುತ್ತಿದ್ದರು. ನೋಡಿದವರಿಗೆ ಮುದುಕ ನಿಧಾನ ಅನ್ನಿಸುತ್ತಿತ್ತೇ ಹೊರತು ಕುರುಡ ಅನ್ನಿಸುತ್ತಿರಲಿಲ್ಲ. ಎರಡು ವರ್ಷ ಹೀಗೆಯೇ ನಡೆಯಿತು.

ನಾನು ಆಗ ಮಸೆಯುತ್ತಿದ್ದದ್ದು ಅಷ್ಟಕ್ಕಷ್ಟೆ. ಒಂದು ದಿನ ಬಂಗಲೆಯ ಉಸ್ತುವಾರಿಯ ಓವರ್‌ಸಿಯರ್ ಬಂದರು. ಕತ್ತರಿಸಿದ ಗುಲಾಬಿ ಕಡ್ಡಿಯೊಂದನ್ನು ಬಗ್ಗಿಸಿ ನೋಡಿದರು. ತುದಿ ಜಜ್ಜಿ ನಾರು ಎದ್ದಿತ್ತು.

"ಏನಯ್ಯಾ, ಇದನ್ನ ಕತ್ತರಿಸಿದೀಯೋ, ಅಗಿದು ಬಿಟ್ಟಿದೀಯೋ? ಮುಂದಿನ ತಿಂಗಳು ದೊಡ್ಡ ಸಾಹೇಬರು ಬರ್ತಾರೆ. ಆಗಲ್ಲ ಅಂದ್ರೆ ಹೇಳಿಬಿಡು, ಬೇರೆಯವರನ್ನ ನೋಡ್ತೀನಿ."

"ಆಯ್ತದೆ ಸಾ," ಅಂದರು ಮಾವ.

ಸಾಹೇಬರು ಬರುವುದಕ್ಕೆ ಮುಂಚಿನ ಶನಿವಾರ ನಾನು ಕೈಕತ್ತರಿಯನ್ನು ಹಿಡಿದು ಕುಳಿತವಳು ಹೊತ್ತು ಇಳಿಯುವವರೆಗೂ ಏಳಲಿಲ್ಲ. ತಿರುಪು ಬಿಚ್ಚಿ, ಒಳಗಿನ ಜಂಗನ್ನೆಲ್ಲ ಬೂದಿಯಲ್ಲಿ ತಿಕ್ಕಿದೆ. ಕಲ್ಲನ್ನು ಒಂದೇ ಓರೆಯಲ್ಲಿ ಹಿಡಿದು ಎಳೆದೆ, ಎಳೆದೆ. ನನ್ನ ತಲೆಗೂದಲು ಒಂದನ್ನು ಕಿತ್ತು ಅಲಗಿನ ಮೇಲೆ ಇಟ್ಟೆ. ಇಟ್ಟ ಕೂಡಲೇ ಎರಡಾಯಿತು. ಮೊಂಡು ಕತ್ತರಿ ಒತ್ತಿ ಒತ್ತಿ ಮಾವನ ಮಣಿಕಟ್ಟು ಇನ್ನು ನೋಯುವುದಿಲ್ಲ, ಓವರ್‌ಸಿಯರ್ ಬಾಯಿ ತೆರೆಯುವಂತಿಲ್ಲ ಎಂದು ಹೆಮ್ಮೆಯಾಯಿತು. ಕತ್ತರಿಯನ್ನು ಅದರ ಜಾಗದಲ್ಲಿ ಇಟ್ಟೆ. ಎಷ್ಟು ಹರಿತ ಮಾಡಿದ್ದೇನೆ ಎಂದು ಮಾವನಿಗೆ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ರಾಗಿ ಬೀಸುತ್ತಿದ್ದೆ. ಮಾವ ಬಾಗಿಲಿಗೆ ಬಂದು ನಿಂತರು. ಎಡಗೈಯನ್ನು ಪಂಚೆಯ ಅಂಚಿನಲ್ಲಿ ಸುತ್ತಿಕೊಂಡಿದ್ದರು. ಪಂಚೆ ಮೊಣಕಾಲವರೆಗೂ ಕೆಂಪಾಗಿತ್ತು. ಬಿಚ್ಚಿ ನೋಡಿದೆ. ತೋರುಬೆರಳಿನ ತುದಿ ಇರಲಿಲ್ಲ. ನಡುಬೆರಳಿನಲ್ಲಿ ಮೂಳೆ ಕಾಣುತ್ತಿತ್ತು.

"ನೋವೇ ಆಗ್ನಿಲ್ಲ ಕಣವ್ವ," ಅಂದರು. "ಕಡ್ಡಿ ಅಂದ್ಕಂಡೆ."

ಮೊಂಡು ಕತ್ತರಿಯಾಗಿದ್ದರೆ ಮೊದಲು ಒತ್ತುತ್ತಿತ್ತು, ಅವರು ಕೈ ಸಡಿಲಿಸುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೀರೆಯ ಸೆರಗು ಹರಿದು ಅವರ ಕೈ ಕಟ್ಟಿದೆ.

ಊರ ಆಸ್ಪತ್ರೆಯ ಕಂಪೌಂಡರ್ ಪಟ್ಟಿ ಕಟ್ಟಿದ. ನಾಲ್ಕನೇ ದಿನ ಬೆರಳು ಕಪ್ಪಾಗಿ ವಾಸನೆ ಹಿಡಿಯಿತು. ರೈಲಿನಲ್ಲಿ ಹಾಸನಕ್ಕೆ ಕರೆದೊಯ್ದೆ. ಅಲ್ಲಿ ಎರಡು ಬೆರಳನ್ನೂ ಬುಡಕ್ಕೇ ತೆಗೆದರು. ಡಾಕ್ಟರು ಮಾವನ ರೆಪ್ಪೆ ಎತ್ತಿ ನೋಡಿದರು.

"ಈ ಕಣ್ಣಿಟ್ಟುಕೊಂಡು ಕತ್ತರಿ ಹಿಡಿದಿದ್ದೆಯಾ?"

"ಇಪ್ಪತ್ತೆರಡು ವರ್ಸದಿಂದ ಇಡ್ದಿವ್ನಿ ಸಾ."

ಪೊರೆ ತೆಗೆಸಿದರೆ ಒಂದು ಕಣ್ಣಾದರೂ ಬರಬಹುದು, ಬೆಂಗಳೂರಿಗೆ ಹೋಗಿ ಎಂದು ಡಾಕ್ಟರು ನನಗೆ ಹೇಳಿದರು. ಮಾವ ಒಪ್ಪಲಿಲ್ಲ. ಇನ್ನೊಮ್ಮೆ ಕತ್ತಿ ಬ್ಯಾಡ ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ಕಣ್ಣಿನ ವಿಷಯವನ್ನೂ ಸೇರಿಸಿ ಡಾಕ್ಟರು ಬರೆದುಕೊಟ್ಟ ಚೀಟಿ ಓವರ್‌ಸಿಯರ್ ಕೈ ಸೇರಿದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಅವರು ಕೂಗಾಡಲಿಲ್ಲ. ಹತ್ತು ದಿನದಲ್ಲಿ ಕೋಣೆ ಬಿಡಿ ಎಂದು ಹೇಳುವಾಗ ನನ್ನ ಮುಖ ನೋಡಲಿಲ್ಲ. ಮಾಲಿ ಕೆಲಸ ನನಗೆ ಕೊಡಿ, ಎರಡು ವರ್ಷದಿಂದ ಬೇಲಿ ಸವರುತ್ತಿರುವವಳು ನಾನೇ ಎಂದು ಕೇಳಿದೆ.

"ಹೆಂಗಸರನ್ನ ಹಾಕಿಕೊಳ್ಳೋಕೆ ಬರಲ್ಲಮ್ಮ," ಅಂದರು.

ಅರಕಲಗೂಡಿನ ಕಡೆಯಿಂದ ಹೊಸ ಮಾಲಿ ಬಂದ. ಸಾಮಾನುಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟೆ. ಕೈಕತ್ತರಿಯ ಅಲಗನ್ನು ಉಗುರಿಗೆ ತಾಗಿಸಿ, "ಯಾರ್ ಮಸ್ದಿದ್ದು? ಬೋ ಚೆನ್ನಾಗೈತೆ," ಅಂದ. ನಾನು ಸಾಣೆಕಲ್ಲನ್ನೂ ಅವನ ಕೈಗೆ ಕೊಟ್ಟೆ.

ಅಣ್ಣನ ಊರಿಗೆ ಹೊರಟೆವು. ಯುದ್ಧದ ಕಾಲ ಅದು, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಚನ್ನರಾಯಪಟ್ಟಣದ ದಾರಿಯ ಏರಿನಲ್ಲಿ ಎಲ್ಲರನ್ನೂ ಇಳಿಸಿ ತಳ್ಳಿಸಿದರು. ಮಾವನೂ ಇಳಿದು, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು ಬಲಗೈಯಿಂದ ತಳ್ಳಿದರು.

ಹಿರೀಸಾವೆಯಲ್ಲಿ ಅಣ್ಣ ಬೇಡ ಅನ್ನಲಿಲ್ಲ. ಆದರೆ ತಂಗಿಯ ಮಾವ ಅಂದರೆ ಆ ಮನೆಗೆ ಏನು? ಅತ್ತಿಗೆ ಅವರ ತಟ್ಟೆಯನ್ನು ಜಗಲಿಗೇ ಕಳಿಸುತ್ತಿದ್ದಳು. ನಾನು ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದೆ. ಸಂಜೆ ಬಂದಾಗ ಅವರು ಬೆಳಿಗ್ಗೆ ಬಿಟ್ಟ ಜಾಗದಲ್ಲೇ ಕುಳಿತಿರುತ್ತಿದ್ದರು. ಚಳಿ ಬಿದ್ದರೆ ಇಲ್ಲದ ಬೆರಳು ನೋಯುತ್ತದೆ ಎನ್ನುತ್ತಿದ್ದರು.

ಅಂಥ ಒಂದು ಸಂಜೆ ನಾನು ತಡೆಯಲಾರದೆ ಹೇಳಿಬಿಟ್ಟೆ. "ಮಾವ, ಅವತ್ತು ನಾನೇ ಅಷ್ಟು ಹರಿತ ಮಾಡಿದ್ದು. ನಿಮಗೆ ಹೇಳ್ನಿಲ್ಲ."

"ಗೊತ್ತು," ಅಂದರು. ನೋಯುವ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡು, "ನಾನೂ ಕೇಳ್ನಿಲ್ಲವಲ್ಲ," ಅಂದು ಗೋಡೆ ಕಡೆ ಮಗ್ಗುಲಾದರು.

ಮೂರನೇ ವರ್ಷದ ಶ್ರಾವಣದಲ್ಲಿ ಜ್ವರ ಬಂದು ಹೋದರು. ಇದ್ದ ಒಬ್ಬ ಮಗ ಮೊದಲೇ ಹೋಗಿದ್ದರಿಂದ ಅಣ್ಣನೇ ಕೊಳ್ಳಿ ಇಟ್ಟ. ಮುಂದಿನ ವರ್ಷ ನಾನು ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದೆ. ಅಲ್ಲಿನ ಮೇಡಂ ಒಬ್ಬರು ಅಕ್ಷರ ಕಲಿಸಿದ್ದರಿಂದ ಇಷ್ಟು ಬರೆಯಲು ಆಯಿತು.